ಅಪ್ಪ ಮನೆಗೆ ಬರುವ ಹೊತ್ತು

ಕುಡಿತದ ಮನೆಯ ಮಕ್ಕಳಿಗೆ ಯಾರೂ ಕಲಿಸದ ಒಂದು ವಿದ್ಯೆ ಗೊತ್ತಿರುತ್ತದೆ. ಸಂಜೆ ಎಂಟರ ಹೊತ್ತಿಗೆ ಬೀದಿಯ ತಿರುವಿನಲ್ಲಿ ಬೈಕಿನ ಸದ್ದು ಕೇಳಿದರೆ ಸಾಕು, ಇವತ್ತು ಅಪ್ಪ ಎಷ್ಟು ಹಾಕಿಕೊಂಡು ಬಂದಿದ್ದಾನೆ ಎಂದು ಅವರು ಹೇಳಬಲ್ಲರು. ಗೇಟಿನ ಚಿಲಕ ತೆಗೆಯುವ ರೀತಿ, ಚಪ್ಪಲಿ ಬಿಡುವ ರೀತಿ, ಅಮ್ಮನನ್ನು ಕರೆಯುವ ಮೊದಲ ದನಿ ಎಲ್ಲವೂ ಅವರಿಗೆ ಸೂಚನೆಗಳೇ. ಟೀವಿ ಆರಿಸಬೇಕೋ, ಪುಸ್ತಕ ಹಿಡಿದು ಕೂರಬೇಕೋ, ತಮ್ಮನನ್ನು ಕರೆದುಕೊಂಡು ಪಕ್ಕದ ಮನೆ ಅಜ್ಜಿಯ ಹತ್ತಿರ ಹೋಗಬೇಕೋ ಎಂಬುದನ್ನು ಒಂಬತ್ತು ವರ್ಷದ ಹುಡುಗಿ ಅರೆಕ್ಷಣದಲ್ಲಿ ತೀರ್ಮಾನಿಸುತ್ತಾಳೆ. ಆ ವಯಸ್ಸಿನ ಮಗುವಿಗೆ ಮಗ್ಗಿಯ ಚಿಂತೆ ಇರಬೇಕಿತ್ತು.

ಕುಡಿತದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕುಡಿಯುವವನ ಲಿವರಿನಿಂದ ಶುರು ಮಾಡುತ್ತಾರೆ. ಅದಕ್ಕೆ ಆಮೇಲೆ ಬರೋಣ. ಮೊದಲು ಅವನ ಜೊತೆ ಒಂದೇ ಸೂರಿನಡಿ ಇರುವವರ ಮಾತು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಭಾರತೀಯರು ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಯಷ್ಟು ಜನರ ಕುಡಿತ ಹಾನಿಯ ಮಟ್ಟ ಮುಟ್ಟಿದೆ ಅಥವಾ ಚಟವಾಗಿ ಅಂಟಿಕೊಂಡಿದೆ. ಒಬ್ಬೊಬ್ಬನ ಹಿಂದೆ ಒಬ್ಬ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ಒಬ್ಬ ತಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ಈ ಲೇಖನ ಯಾರ ಬಗ್ಗೆ ಎಂಬುದು ತಿಳಿಯುತ್ತದೆ.

ಸಂಸಾರ ಹಾಳಾಗುವುದು ಒಂದೇ ದಿನದಲ್ಲಲ್ಲ. ಮೊದಲು ಹಾಲಿನವನ ಬಾಕಿ ನಿಲ್ಲುತ್ತದೆ. ಆಮೇಲೆ ಶಾಲೆಯ ಫೀಸು. ಆಮೇಲೆ ಸಂಘದಲ್ಲಿ ಹೊಲಿಗೆ ಮೆಷಿನ್ನಿಗೆಂದು ತೆಗೆದ ಸಾಲ ಮತ್ತೆಲ್ಲಿಗೋ ಹೋಗುತ್ತದೆ, ಕಂತು ಕಟ್ಟುವ ದಿನ ಬಾಗಿಲು ಮುಚ್ಚಿಕೊಂಡು ಕೂರಬೇಕಾಗುತ್ತದೆ. ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗಿ ಬಂದು, ಮತ್ತೆ ಹೋಗಿ, ಕೊನೆಗೆ ಅಲ್ಲೇ ಉಳಿಯುತ್ತದೆ. ಇಷ್ಟರ ನಡುವೆ ಹೆಂಡತಿ ಮಾಡುವ ಬಹುದೊಡ್ಡ ಕೆಲಸ ಮುಚ್ಚಿಡುವುದು. ಅವನ ಆಫೀಸಿಗೆ ಫೋನ್ ಮಾಡಿ ‘ಅವರಿಗೆ ಜ್ವರ’ ಅನ್ನುತ್ತಾಳೆ. ಕಣ್ಣಿನ ಕೆಳಗೆ ಕಪ್ಪಾಗಿದ್ದರೆ ‘ಬಚ್ಚಲಲ್ಲಿ ಜಾರಿಬಿದ್ದೆ’ ಅನ್ನುತ್ತಾಳೆ. ತವರಿನವರು ಹಬ್ಬಕ್ಕೆ ಕರೆದರೆ ‘ಈ ಸಲ ಆಗಲ್ಲ’ ಅನ್ನುತ್ತಾಳೆ. ಮರ್ಯಾದೆ ಉಳಿಸಿಕೊಳ್ಳಲೆಂದೇ ಮಾಡುತ್ತಾಳೆ, ತಪ್ಪೆನ್ನುವ ಹಾಗಿಲ್ಲ. ಆದರೆ ಕುಡಿತದಿಂದಾಗುವ ನಷ್ಟವನ್ನೆಲ್ಲ ಅವಳೇ ತುಂಬಿಕೊಡುತ್ತಾ ಹೋದರೆ ಕುಡಿಯುವವನಿಗೆ ಅದರ ಬಿಸಿ ತಟ್ಟುವುದೇ ಇಲ್ಲ. ಚಟ ಬಿಡಿಸುವ ಕೇಂದ್ರಗಳಲ್ಲಿ ರೋಗಿಯ ಜೊತೆ ಬಂದ ಹೆಂಡತಿಯನ್ನೋ ತಾಯಿಯನ್ನೋ ಬೇರೆಯಾಗಿ ಕೂರಿಸಿ ಮಾತಾಡಿಸುವುದಕ್ಕೆ ಇದೂ ಒಂದು ಕಾರಣ.

‘ನೀನು ಸರಿಯಾಗಿದ್ದಿದ್ದರೆ ಅವನೇಕೆ ಕುಡೀತಿದ್ದ?’ ಎಂದು ಅತ್ತೆ, ನಾದಿನಿ, ಕೆಲವು ಸಲ ಸ್ವಂತ ಅಮ್ಮನೂ ಕೇಳುವುದುಂಟು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಹೆಣ್ಣು ಹುಡುಕಿ ಗಂಟು ಹಾಕಿದವರೇ ಆಮೇಲೆ ಈ ಪ್ರಶ್ನೆ ಕೇಳುತ್ತಾರೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ನಮ್ಮ ನಾಟಕ, ಸಿನಿಮಾಗಳಲ್ಲಿ ಕುಡುಕ ಎಂದರೆ ತೂರಾಡುತ್ತಾ ಎಲ್ಲರನ್ನೂ ನಗಿಸುವವನು. ಪರದೆಯ ಮೇಲೆ ಅವನು ಮನೆಗೆ ಹೋಗಿ ಬಾಗಿಲು ತಟ್ಟುವುದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ.

ಮಕ್ಕಳು ಎಲ್ಲರೂ ಒಂದೇ ರೀತಿ ಇರುವುದಿಲ್ಲ. ದೊಡ್ಡವಳು ಹತ್ತು ವರ್ಷಕ್ಕೇ ಅಮ್ಮನಾಗಿಬಿಡುತ್ತಾಳೆ. ಅನ್ನಕ್ಕಿಡುತ್ತಾಳೆ, ತಮ್ಮನ ಹೋಂವರ್ಕ್ ನೋಡುತ್ತಾಳೆ, ಪರೀಕ್ಷೆಯಲ್ಲಿ ಮೊದಲಿಗಳಾಗಿ ಬರುತ್ತಾಳೆ. ‘ಎಷ್ಟು ಜವಾಬ್ದಾರಿ!’ ಎಂದು ಮೇಷ್ಟರು ಹೊಗಳುತ್ತಾರೆ. ಅವಳಿಗೆ ನಿದ್ದೆ ಬರುವುದಿಲ್ಲವೆಂದು ಯಾರಿಗೂ ಗೊತ್ತಿಲ್ಲ. ಎರಡನೆಯವನು ತರಗತಿಯಲ್ಲಿ ಜಗಳಗಂಟ, ಅವನ ದೂರು ವಾರಕ್ಕೊಂದು. ಮೂರನೆಯದು ಮೂಲೆ ಸೇರಿ ಸುಮ್ಮನೆ ಕೂರುವ ಮಗು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥ ಮನೆಗಳ ಮಕ್ಕಳನ್ನು ಕುರಿತು 1980ರ ದಶಕದ ಆರಂಭದಲ್ಲೇ ಬರೆದ ಅಮೆರಿಕದ ಕ್ಲಾಡಿಯಾ ಬ್ಲ್ಯಾಕ್, ಅಲ್ಲಿ ಬಾಯಿಬಿಟ್ಟು ಹೇಳದ ಮೂರು ಕಟ್ಟಳೆಗಳಿರುತ್ತವೆ ಎಂದರು: ಮಾತಾಡಬಾರದು, ಯಾರನ್ನೂ ನಂಬಬಾರದು, ಮನಸ್ಸಿನಲ್ಲಿರುವುದನ್ನು ಮನಸ್ಸಿಗೂ ತಂದುಕೊಳ್ಳಬಾರದು. ಅಮೆರಿಕದ ಮಾತಾದರೂ ನಮ್ಮ ಊರಿಗೂ ಕೇರಿಗೂ ಅಕ್ಷರವೂ ಬದಲಿಲ್ಲದೆ ಹೊಂದುತ್ತದೆ.

ಕುಡಿದವನು ಹೊಡೆಯುವುದಕ್ಕಿಂತಲೂ ಮಗುವನ್ನು ಹೆಚ್ಚು ಗೊಂದಲಕ್ಕೆ ಕೆಡಹುವ ಸಂಗತಿ ಇನ್ನೊಂದಿದೆ. ಅವನು ಮರುದಿನ ಬೆಳಗ್ಗೆ ಒಳ್ಳೆಯವನಾಗಿರುತ್ತಾನೆ. ನಿನ್ನೆ ರಾತ್ರಿ ತಟ್ಟೆ ಎಸೆದವನು ಇವತ್ತು ಬೋಂಡಾ ತಂದುಕೊಡುತ್ತಾನೆ, ಭಾನುವಾರ ಜಾತ್ರೆಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಡುತ್ತಾನೆ. ಭಾನುವಾರ ಮಗು ಹೊಸ ಅಂಗಿ ಹಾಕಿಕೊಂಡು ಹೊಸಿಲ ಮೇಲೆ ಕೂತಿರುತ್ತದೆ. ಹೀಗೆ ನಾಲ್ಕಾರು ಸಲ ಆದ ಮೇಲೆ ಅದು ಯಾರ ಮಾತನ್ನೂ ನಂಬುವುದಿಲ್ಲ.

ಅವನು ಯಾಕೆ ಬಿಡುವುದಿಲ್ಲ?

‘ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು’ ಎಂದು ಕುಡಿಯುವವನೂ ಹೇಳುತ್ತಾನೆ, ಊರೂ ಹೇಳುತ್ತದೆ. ಚಟ ಹತ್ತಿದ ಮೇಲೆ ಈ ಮಾತು ಅರ್ಧ ಮಾತ್ರ ನಿಜ. ಮದ್ಯ ಮಿದುಳಿನ ಚುರುಕನ್ನು ತಗ್ಗಿಸುತ್ತದೆ. ದಿನವೂ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಚುರುಕನ್ನು ತಾನೇ ಏರಿಸಿಕೊಂಡು ಸಮತೋಲ ಕಾಯುತ್ತದೆ. ಅದಕ್ಕೇ ಮೊದಲು ಒಂದು ಪೆಗ್ಗಿಗೆ ಏರುತ್ತಿದ್ದವನಿಗೆ ಆಮೇಲೆ ಕ್ವಾರ್ಟರ್ ಸಾಲುವುದಿಲ್ಲ. ಇದ್ದಕ್ಕಿದ್ದಂತೆ ಕುಡಿತ ನಿಂತರೆ ಏರಿಸಿಕೊಂಡ ಚುರುಕು ಮಾತ್ರ ಉಳಿಯುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬೆಳಗ್ಗೆ ಆರಕ್ಕೇ ‘ಒಂದು ಗುಟುಕು ಬಿದ್ದರೆ ಸರಿಹೋಗುತ್ತೆ’ ಎನ್ನುವುದು ಮೋಜಿಗಲ್ಲ, ನಡುಕ ನಿಲ್ಲಿಸಲು.

ಕೆಲವರಿಗೆ ಇದು ನಡುಕಕ್ಕೇ ಮುಗಿಯುವುದಿಲ್ಲ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿದಂತಾಗಬಹುದು. ಅಪಘಾತದಲ್ಲಿ ಕಾಲು ಮುರಿದು ಆಸ್ಪತ್ರೆ ಸೇರಿದವನು ಮೂರನೇ ರಾತ್ರಿ ‘ಗೋಡೆ ಮೇಲೆ ಹುಳ ಹರಿದಾಡ್ತಿವೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ’ ಎಂದು ಡ್ರಿಪ್ ಕಿತ್ತೆಸೆದು ಓಡುತ್ತಾನೆ. ಮನೆಯವರು ಗಾಳಿ ಸೋಂಕಿತೆಂದು ನಿಂಬೆಹಣ್ಣು ತರಲು ಹೋಗುತ್ತಾರೆ. ಇದು ಕುಡಿತ ಒಮ್ಮೆಲೇ ನಿಂತದ್ದರ ಪರಿಣಾಮ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಆದ್ದರಿಂದ ಯಾವ ಕಾಯಿಲೆಗೆ ಆಸ್ಪತ್ರೆ ಸೇರಿಸಿದರೂ ‘ಇವರು ದಿನಾ ಕುಡೀತಾರೆ, ಇಷ್ಟು ಕುಡೀತಾರೆ, ಕೊನೆಗೆ ಕುಡಿದದ್ದು ನಿನ್ನೆ ಸಂಜೆ’ ಎಂದು ವೈದ್ಯರಿಗೆ ನಾಚಿಕೆ ಬಿಟ್ಟು ಹೇಳಬೇಕು. ದೀರ್ಘಕಾಲ ಕುಡಿದವರಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ, ಅದನ್ನು ಸಕಾಲದಲ್ಲಿ ಕೊಡದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಕೆಡಬಹುದು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಮುಚ್ಚಿದಾಗ ಇದೆಲ್ಲ ಕಣ್ಣೆದುರೇ ನಡೆಯಿತು. ತೀವ್ರ ನಡುಕ, ಫಿಟ್ಸ್, ಸನ್ನಿಯ ರೋಗಿಗಳು ಬೆಂಗಳೂರಿನ ಆಸ್ಪತ್ರೆಗಳಿಗೆ ಹೆಚ್ಚಾಗಿ ಬಂದರು. ಮೇ 4ರಂದು ಅಂಗಡಿ ತೆರೆದಾಗ ಕಿಲೋಮೀಟರ್ ಉದ್ದದ ಸಾಲುಗಳನ್ನು ಟೀವಿಯಲ್ಲಿ ನೋಡಿ ನಾವೆಲ್ಲ ನಕ್ಕೆವು. ನಿಂತವರಲ್ಲಿ ನಗುವಂಥ ಸ್ಥಿತಿಯಲ್ಲಿ ಇಲ್ಲದವರೂ ಇದ್ದರು.

ಇನ್ನು ಲಿವರಿನ ಲೆಕ್ಕ. 180 ಎಂಎಲ್ ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ. ಲಿವರ್ ಕರಗಿಸಬಲ್ಲದ್ದು ಗಂಟೆಗೆ ಹೆಚ್ಚು ಕಡಿಮೆ 7ರಿಂದ 10 ಗ್ರಾಂ. ಅಂದರೆ ರಾತ್ರಿ ಹನ್ನೊಂದಕ್ಕೆ ಮುಗಿಸಿದವನು ಬೆಳಗ್ಗೆ ಐದಕ್ಕೆ ಮಗಳನ್ನು ಬೈಕಿನಲ್ಲಿ ಟ್ಯೂಷನ್ನಿಗೆ ಬಿಡುವಾಗಲೂ ಅವನ ರಕ್ತದಲ್ಲಿ ಮದ್ಯ ಇರಬಹುದು. ಮಜ್ಜಿಗೆ, ನಿಂಬೆ ಶರಬತ್ತು, ತಲೆಗೆ ತಣ್ಣೀರು ಯಾವುದೂ ಈ ಗಡಿಯಾರವನ್ನು ಓಡಿಸುವುದಿಲ್ಲ. ಲಿವರಿನಲ್ಲಿ ಕೊಬ್ಬು ತುಂಬುವುದು ಮೊದಲ ಹಂತ. ಆಗ ಕುಡಿತ ಬಿಟ್ಟರೆ ಅದು ಮತ್ತೆ ಸರಿಹೋಗುತ್ತದೆ. ಗಟ್ಟಿಯಾಗಿ ಗಂಟು ಗಂಟಾದ ಮೇಲೆ ಹಿಂದಿರುಗುವುದು ಕಷ್ಟ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಹಲವು ಊರುಗಳಲ್ಲಿ ಹೆಂಗಸರು ಸಂತೋಷಪಟ್ಟರು. ಮರುವರ್ಷ ಮೇ ತಿಂಗಳಲ್ಲಿ ಕಳ್ಳಬಟ್ಟಿ ಕುಡಿದು ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದರು. ಸರ್ಕಾರಕ್ಕೆ ಅಬಕಾರಿಯಿಂದ ಬರುವ ಹಣ ಈಚೆಗೆ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ದಾಟಿದೆ. ನಿಷೇಧ ಬೇಕೇ ಬೇಡವೇ ಎಂಬ ಚರ್ಚೆ ಇವತ್ತು ನಾಳೆಗೆ ಮುಗಿಯುವಂಥದಲ್ಲ. ಅಲ್ಲಿಯತನಕ ಮನೆಯವರು ಕಾಯುತ್ತಾ ಕೂರಲಾಗದು.

ಮನೆಯವರು ಮಾಡಬಹುದಾದದ್ದು

ಮೊದಲಿಗೆ, ಮಾಡಬಾರದ್ದೊಂದು. ‘ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ’ ಎಂದು ಪುಡಿ, ಮಾತ್ರೆ ಮಾರುವವರಿದ್ದಾರೆ. ಡೈಸಲ್ಫಿರಾಂ ಎಂಬ ನಿಜವಾದ ಔಷಧವೊಂದಿದೆ. ಅದನ್ನು ಸೇವಿಸುತ್ತಿರುವವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆಬಡಿತ ಏರಿ, ರಕ್ತದೊತ್ತಡ ಕುಸಿಯುತ್ತದೆ. ಆ ಹೆದರಿಕೆಯೇ ಅದರ ಕೆಲಸ. ಹಾಗಾಗಿ ರೋಗಿಗೆ ಗೊತ್ತಿದ್ದು, ಅವನು ಒಪ್ಪಿ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕಾದ ಔಷಧ ಅದು. ಗೊತ್ತಿಲ್ಲದೆ ತಿಂದು ಎಂದಿನಂತೆ ಕುಡಿದವನ ಪ್ರಾಣಕ್ಕೇ ಅಪಾಯ.

ಕುಡಿದಿರುವಾಗ ವಾದ ಬೇಡ, ಆಣೆ ಹಾಕಿಸುವುದೂ ಬೇಡ. ಬೆಳಗ್ಗೆ, ತಲೆ ತಿಳಿಯಾಗಿರುವಾಗ, ಅವನು ಗೌರವಿಸುವ ಒಬ್ಬರನ್ನು ಜೊತೆಗಿಟ್ಟುಕೊಂಡು ‘ನಿನ್ನೆ ಹೀಗಾಯಿತು, ಡಾಕ್ಟರ ಹತ್ತಿರ ಹೋಗೋಣ’ ಎಂದಷ್ಟೇ ಹೇಳಿ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಗೆ ಸೇರಿ ಬಿಟ್ಟವರೂ ಇದ್ದಾರೆ. ಏಮ್ಸ್ ಸಮೀಕ್ಷೆ ಕಂಡಂತೆ ಚಟ ಹತ್ತಿದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಬಿಟ್ಟವನು ಆರು ತಿಂಗಳ ನಂತರ ಮತ್ತೆ ಕುಡಿಯುವುದೂ ಉಂಟು. ಆಗ ‘ಎಲ್ಲಾ ಮುಗೀತು’ ಎನ್ನಬೇಡಿ. ಸಕ್ಕರೆ ಕಾಯಿಲೆಯವನ ಸಕ್ಕರೆ ಮತ್ತೆ ಏರಿದರೆ ಏನು ಮಾಡುತ್ತೀರೋ ಅದನ್ನೇ ಮಾಡಿ, ಮತ್ತೆ ಡಾಕ್ಟರ ಹತ್ತಿರ ಹೋಗಿ.

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯಾಪಾರಿ ಮತ್ತು ಬಾಬ್ ಸ್ಮಿತ್ ಎಂಬ ವೈದ್ಯ, ಇಬ್ಬರೂ ಕುಡುಕರೇ, ಒಬ್ಬರಿಗೊಬ್ಬರು ಊರುಗೋಲಾಗಿ ಕುಡಿತ ಬಿಟ್ಟರು. ಅದೇ ಆಲ್ಕೋಹಾಲಿಕ್ಸ್ ಅನಾನಿಮಸ್ ಆಯಿತು. ಗಂಡಂದಿರು ಒಳಗೆ ಸಭೆ ನಡೆಸುವಾಗ ಹೊರಗೆ ಕಾಯುತ್ತಿದ್ದ ಹೆಂಡತಿಯರಿಗೂ ಹೇಳಿಕೊಳ್ಳುವುದು ಬಹಳ ಇತ್ತು. 1951ರಲ್ಲಿ ಬಿಲ್ಲನ ಹೆಂಡತಿ ಲೋಯಿಸ್ ಮನೆಯವರಿಗಾಗಿ ಅಲ್-ಅನಾನ್ ಕಟ್ಟಿದಳು. 1957ರಲ್ಲಿ ಹದಿಹರೆಯದ ಮಕ್ಕಳಿಗೆಂದೇ ಅಲಟೀನ್ ಬಂತು. ಈ ಸಭೆಗಳಿಗೆ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಗಂಡ ಚಿಕಿತ್ಸೆಗೆ ಒಪ್ಪದಿದ್ದರೂ ಹೆಂಡತಿ ಹೋಗಬಹುದು.

ಈ ಪುಟ ಓದುತ್ತಿರುವ ಮಕ್ಕಳಲ್ಲಿ ಒಬ್ಬರಿಗಾದರೂ ಇದು ತಮ್ಮ ಮನೆಯ ಕಥೆ ಅನ್ನಿಸಿರಬಹುದು. ಪುಟ್ಟಾ, ನಿನಗೆ ಮಾರ್ಕ್ಸ್ ಕಡಿಮೆ ಬಂದದ್ದಕ್ಕೆ ಅಪ್ಪ ಕುಡಿಯುತ್ತಿಲ್ಲ. ನೀನು ಜಾಣನಾದರೆ ಅವರು ಬಿಟ್ಟುಬಿಡುತ್ತಾರೆ ಎಂಬುದೂ ಇಲ್ಲ. ಬಾಟಲಿ ಬಚ್ಚಿಡುವುದು, ನೀರು ಬೆರೆಸುವುದು, ಜಗಳದ ಮಧ್ಯೆ ಹೋಗಿ ನಿಲ್ಲುವುದು ನಿನ್ನ ಕೆಲಸವಲ್ಲ. ಅಪ್ಪನನ್ನು ಪ್ರೀತಿಸುತ್ತಾ ಅವರ ಮೇಲೆ ಸಿಟ್ಟಾಗುವುದೂ ತಪ್ಪಲ್ಲ. ಅಪ್ಪ ಕುಡಿದಿದ್ದರೆ ಅವರ ಬೈಕು ಹತ್ತಬೇಡ. ಜಗಳ ಜೋರಾದರೆ ಎಲ್ಲಿಗೆ ಹೋಗಬೇಕು ಎಂದು ಈಗಲೇ ಒಂದು ಮನೆ ಗೊತ್ತುಮಾಡಿಕೊ. ಅತ್ತೆ, ಸೋದರಮಾವ, ಶಾಲೆಯ ಟೀಚರ್, ಯಾರಾದರೂ ಸರಿ, ಒಬ್ಬ ದೊಡ್ಡವರಿಗೆ ವಿಷಯ ಹೇಳು. ಮನೆಯ ಗುಟ್ಟು ಹೊರಹಾಕಿದಂತೆ ಅದು ಆಗುವುದಿಲ್ಲ.

ಚಟ ಬಿಡಿಸುವ ಬಗ್ಗೆ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಸಂಕಟಕ್ಕೆ ಟೆಲಿಮನಸ್ 14416. ಹೊಡೆತ ಬಡಿತ ನಡೆಯುತ್ತಿದ್ದರೆ ಪೊಲೀಸರಿಗೆ 112, ಹೆಂಗಸರಿಗೆ 181. ಮಕ್ಕಳು ತಾವಾಗಿಯೇ ಕರೆ ಮಾಡಬಹುದಾದ ಸಂಖ್ಯೆ 1098. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.