ಎಡಗಾಲಿನ ಭಾರ ಎಲ್ಲಿಂದ ಬರುತ್ತದೆ?

ಬಿ.ಸಿ.ರೋಡಿನಿಂದ ನೇತ್ರಾವತಿ ಸೇತುವೆ ದಾಟಿ, ಪಾಣೆಮಂಗಳೂರು ಕಳೆದರೆ ಮೆಲ್ಕಾರ್. ರಾಷ್ಟ್ರೀಯ ಹೆದ್ದಾರಿ 75 ಇಲ್ಲಿಂದ ಕಲ್ಲಡ್ಕ, ಮಾಣಿಯ ಕಡೆಗೆ ಹೋಗುತ್ತದೆ. ಮುಡಿಪು ರಸ್ತೆ ಕವಲೊಡೆಯುವುದೂ ಇಲ್ಲಿಯೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗಾಡಿಗಳಿಗೆ ಕೆಎ 70 ನಂಬರ್ ಸಿಗುವ ಊರು ಇದು. ಘಟ್ಟದ ಬುಡದ ಹಳ್ಳಿಗಳಿಗೆ ಜನ ತುಂಬಿಕೊಂಡು ಹೋಗುತ್ತಿದ್ದ ಸರ್ವಿಸ್ ಜೀಪುಗಳ ಸೀಮೆಯೂ ಹೌದು. ಇಂಥ ಕಡೆ ಗಾಡಿಯ ಆಯಸ್ಸು ಎಂಜಿನ್ನಿನ ಆಯಸ್ಸಿಗಿಂತ ದೊಡ್ಡದು. ತಗಡು ತೇಪೆ ಹಾಕಿಸಿ, ಚಾಸಿಗೆ ವೆಲ್ಡಿಂಗ್ ಮಾಡಿಸಿ ಉಳಿಸಿಕೊಂಡ ಗಾಡಿಗೆ ಬೇರೆ ಎಂಜಿನ್ ಕೂರಿಸುತ್ತಾರೆ. ಪೆಟ್ರೋಲ್ ಜೀಪಿಗೆ ಡೀಸೆಲ್, ಅಂಬಾಸಿಡರಿಗೆ ಇಸುಝು, ಜಿಪ್ಸಿಗೆ ಮಹೀಂದ್ರ ಎಂಎಂ 540ರ 2112 ಸಿಸಿ ಪ್ಯೂಜೋ.

ಎಂಜಿನ್ ಕೂತಿತು, ಸ್ಟಾರ್ಟ್ ಆಯಿತು, ಹೊಗೆಯೂ ಸರಿಯಾಯಿತು. ಆಮೇಲೆ ಬರುವ ದೂರು ಒಂದೇ: "ಕ್ಲಚ್ ತುಂಬ ಗಟ್ಟಿ ಉಂಟು ಮಾರಾಯ್ರೆ." ಕಲ್ಲಡ್ಕದಲ್ಲಿ ಮೇಲ್ಸೇತುವೆಯ ಕೆಲಸ ನಡೆಯುತ್ತಿದ್ದಷ್ಟು ಕಾಲ ಆ ಸಾಲಿನಲ್ಲಿ ಆಮೆಗತಿಯಲ್ಲಿ ಸಾಗಿದವರಿಗೆ ಈ ದೂರಿನ ಅರ್ಥ ಗೊತ್ತು. ಎಡಗಾಲು ನಡುಗುತ್ತದೆ, ಮೊಣಕಾಲು ಹಿಡಿದುಕೊಳ್ಳುತ್ತದೆ. ದೊಡ್ಡ ಎಂಜಿನ್ ಅಂದ ಮೇಲೆ ಹಾಗೆಯೇ ಎಂದು ಸಹಿಸಿಕೊಳ್ಳುವವರೇ ಹೆಚ್ಚು. ಸಹಿಸಬೇಕಾಗಿಲ್ಲ. ಒತ್ತಡ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಬಲ್ಲ ಮೆಕ್ಯಾನಿಕ್ ಸಿಕ್ಕಿದರೆ ಅದನ್ನು ಇಳಿಸಬಹುದು. ಈ ಹುಡುಕುವ ಕಲೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಾರಣ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು ಪ್ರೆಶರ್ ಪ್ಲೇಟಿನ ಸ್ಪ್ರಿಂಗ್. ಎಂಜಿನ್ನಿನ ಟಾರ್ಕ್ ಹೆಚ್ಚಾದಷ್ಟೂ ಆ ಹಿಡಿತ ಬಿಗಿಯಾಗಬೇಕು, ಇಲ್ಲವಾದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಹಳೆಯ ಜಿಪ್ಸಿಯ ಎಂಜಿನ್ 970 ಸಿಸಿ. ಅದರ ಜಾಗಕ್ಕೆ ಬಂದ ಡೀಸೆಲ್ಲಿನ ಟಾರ್ಕ್ ಒಂದೂವರೆ ಪಟ್ಟಿಗೂ ಹೆಚ್ಚು. ಹೊಸ ಎಂಜಿನ್ನಿನ ಜೊತೆ ಅದರದೇ ಪ್ರೆಶರ್ ಪ್ಲೇಟ್ ಬರುತ್ತದೆ. ಆದರೆ ಪೆಡಲ್, ಕೇಬಲ್ ಹಳೆಯ ಗಾಡಿಯವು. ಆ ಪ್ಲೇಟೂ ಈ ಪೆಡಲೂ ಒಂದಕ್ಕೊಂದು ಹೊಂದಿ ಹುಟ್ಟಿದವಲ್ಲ. ಆ ಅಂತರವನ್ನು ತುಂಬುವುದು ಚಾಲಕನ ಕಾಲು.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟ. ಹೈಡ್ರಾಲಿಕ್ ಕ್ಲಚ್ಚಿನ ಗಾಡಿಯೊಂದರಲ್ಲಿ ಪೆಡಲಿನ ಅನುಪಾತ 6 ಎಂದುಕೊಳ್ಳೋಣ. 10 ಕಿಲೋ ಬಲದಲ್ಲಿ ಒತ್ತಿದರೆ ಮಾಸ್ಟರ್ ಸಿಲಿಂಡರಿನ ಮೇಲೆ 60 ಕಿಲೋ ಬೀಳುತ್ತದೆ. ಮಾಸ್ಟರ್ ಮುಕ್ಕಾಲು ಇಂಚಿನದು, ಕೆಳಗಿನ ಸ್ಲೇವ್ ಸಿಲಿಂಡರ್ 7/8 ಇಂಚಿನದು ಆಗಿದ್ದರೆ ಬಲ 1.36 ಪಟ್ಟಾಗಿ ಸುಮಾರು 82 ಕಿಲೋ ಆಗುತ್ತದೆ. ಫೋರ್ಕ್ ಎಂಬ ಸನ್ನೆ ಅದನ್ನು ಇಮ್ಮಡಿ ಮಾಡಿದರೆ ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು 160 ಕಿಲೋಗೂ ಮಿಕ್ಕಿ ತಳ್ಳುತ್ತದೆ. ಆದರೆ ಬಲ ಹೆಚ್ಚಿದಷ್ಟೂ ಚಲನೆ ಕುಗ್ಗುತ್ತದೆ. ಪೆಡಲ್ 130 ಮಿಲಿಮೀಟರ್ ಇಳಿದರೆ ಬೇರಿಂಗ್ ಹೋಗುವುದು 8 ಮಿಲಿಮೀಟರ್ ಮಾತ್ರ.

ಇಲ್ಲಿಯೇ ಅವಸರದವರು ಎಡವುತ್ತಾರೆ. ಮಾಸ್ಟರ್ ಸಿಲಿಂಡರ್ ಸಣ್ಣದು ಹಾಕಿದರೆ ಪೆಡಲ್ ಹಗುರವಾಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಮಾತು ಸುಳ್ಳಲ್ಲ. ಮುಕ್ಕಾಲು ಇಂಚಿನ ಬದಲು 5/8 ಇಂಚಿನದು ಕೂರಿಸಿದರೆ 10 ಕಿಲೋ 7 ಕಿಲೋಗೆ ಇಳಿಯುತ್ತದೆ. ಆದರೆ ಬೇರಿಂಗಿನ ಚಲನೆಯೂ 8 ಮಿಲಿಮೀಟರಿನಿಂದ ಐದೂವರೆಗೆ ಬರುತ್ತದೆ. ಆಗ ಕ್ಲಚ್ ಪೂರ್ತಿ ಬಿಡುವುದಿಲ್ಲ; ರಿವರ್ಸ್ ಹಾಕುವಾಗ ಕರಕರ ಎನ್ನುತ್ತದೆ, ಗೇರ್ ಬಾಕ್ಸ್ ಸವೆಯುತ್ತದೆ. ಕಾಲು ಉಳಿಸಲು ಹೋಗಿ ಗೇರ್ ಬಾಕ್ಸ್ ಕಳೆದುಕೊಳ್ಳುವ ವ್ಯಾಪಾರ ಇದು. ಪೆಡಲಿನಲ್ಲಿ ಇಳಿಯಲು ಇನ್ನೂ ಜಾಗ ಇದ್ದರೆ ಮಾತ್ರ ಸಿಲಿಂಡರ್ ಬದಲಿಸಬೇಕು, ಅದೂ ಅಳೆದು ನೋಡಿದ ಮೇಲೆ.

ತಿಳಿದ ಮೆಕ್ಯಾನಿಕ್ ಅಂಗಡಿಗೆ ಸಾಮಾನು ತರಲು ಓಡುವುದಿಲ್ಲ. ಕೇಬಲ್ ಕ್ಲಚ್ ಆದರೆ ಫೋರ್ಕಿನಿಂದ ಕೇಬಲ್ ಕಳಚಿ, ಪೆಡಲನ್ನು ಕೈಯಿಂದ ಒತ್ತಿ ನೋಡುತ್ತಾನೆ. ಆಗಲೂ ಗಟ್ಟಿ ಇದ್ದರೆ ದೋಷ ಮೇಲೆಯೇ ಇದೆ: ಪೆಡಲಿನ ಬುಶ್ ತುಕ್ಕು ಹಿಡಿದಿರಬಹುದು, ಕೇಬಲ್ ಒಳಗೆ ಎಳೆ ಬಿಚ್ಚಿರಬಹುದು. ಎಂಜಿನ್ ಬದಲಿಸಿದ ಗಾಡಿಯಲ್ಲಿ ಎಷ್ಟೋ ಸಲ ಕೇಬಲ್ ಹೋದ ದಾರಿಯೇ ತಪ್ಪು. ಹೊಸ ಎಂಜಿನ್ ಜಾಗ ತಿಂದುಬಿಟ್ಟಿದ್ದರಿಂದ ಕೇಬಲ್ಲನ್ನು ಎರಡು ಕಡೆ ಬಾಗಿಸಿ, ಸೈಲೆನ್ಸರ್ ಪೈಪಿನ ಪಕ್ಕದಿಂದ ತಂದಿರುತ್ತಾರೆ. ತಿರುವಿನಲ್ಲಿ ಉಜ್ಜಿ ಉಜ್ಜಿ, ಬಿಸಿಗೆ ಒಳಗಿನ ಪ್ಲಾಸ್ಟಿಕ್ ಕರಗಿ, ಒತ್ತಿದ ಬಲದಲ್ಲಿ ಒಂದು ಪಾಲು ಅಲ್ಲಿಯೇ ಹೋಗುತ್ತದೆ. ಉದ್ದದ ಕೇಬಲ್ ಹಾಕಿ ದೊಡ್ಡ ತಿರುವಿನಲ್ಲಿ ತಂದರೆ ಪೆಡಲ್ ಆ ದಿನವೇ ಬದಲಾಗುತ್ತದೆ.

ಕೇಬಲ್ ಕಳಚಿದಾಗ ಪೆಡಲ್ ಹಗುರವಾಗಿದ್ದರೆ ಕಣ್ಣು ಕ್ಲಚ್ ಕೂತಿರುವ ಬೆಲ್ ಹೌಸಿಂಗಿನ ಕಡೆಗೆ. ಗೇರ್ ಬಾಕ್ಸ್ ಇಳಿಸಬೇಕು, ದಿನದ ಕೆಲಸ. ಫೋರ್ಕ್ ಆನಿಕೊಳ್ಳುವ ಗುಂಡಿನಲ್ಲಿ ಗ್ರೀಸ್ ಒಣಗಿ ಲೋಹ ಲೋಹವನ್ನು ತಿಂದಿರುತ್ತದೆ. ರಿಲೀಸ್ ಬೇರಿಂಗ್ ಜಾರುವ ಕೊಳವೆಯಲ್ಲಿ ಗೆರೆ ಬಿದ್ದಿರುತ್ತದೆ. ಉಗುರು ಹಾಯಿಸಿದರೆ ತಡೆಯುತ್ತದೆ. ಫೋರ್ಕಿನ ಕೋನವನ್ನೂ ನೋಡಬೇಕು. ಅಡಾಪ್ಟರ್ ಪ್ಲೇಟ್ ಹಾಕಿ ಎಂಜಿನ್ ಮತ್ತು ಗೇರ್ ಬಾಕ್ಸ್ ಜೋಡಿಸಿದಾಗ, ಪ್ಲೇಟಿನ ದಪ್ಪದಷ್ಟು ಎಲ್ಲವೂ ದೂರ ಸರಿಯುತ್ತದೆ. ಪೆಡಲ್ ಅರ್ಧ ಇಳಿದಾಗ ತಳ್ಳುವ ಸರಳಿಗೆ ಫೋರ್ಕ್ ಲಂಬವಾಗಿರಬೇಕು; ಮೊದಲೇ ವಾಲಿ ನಿಂತಿದ್ದರೆ ಬಲ ಓರೆಗೆ ಹೋಗುತ್ತದೆ. ಲೇತಿನವರು ಆನುವ ಗುಂಡಿಗೆ ಕೆಲವೇ ಮಿಲಿಮೀಟರಿನ ವಾಷರ್ ಕಡೆದುಕೊಟ್ಟರೆ ಸಾಕಾಗುವ ಸಂದರ್ಭಗಳುಂಟು. ಗುಜರಿ ಅಂಗಡಿ, ಲೇತ್, ಗ್ಯಾರೇಜ್ ಮೂರೂ ಹತ್ತಿರ ಹತ್ತಿರ ಇರುವ ಊರುಗಳಲ್ಲಿ ಈ ಕಸುಬು ಬೆಳೆದದ್ದು ಅದಕ್ಕೇ.

ಕೊನೆಗೆ ಪ್ರೆಶರ್ ಪ್ಲೇಟ್. ಸುರುಳಿ ಸ್ಪ್ರಿಂಗಿನ ಹಳೆಯ ಮಾದರಿ ಒತ್ತಿದಷ್ಟೂ ಗಟ್ಟಿಯಾಗುತ್ತ ಹೋಗುತ್ತದೆ. ಡಯಾಫ್ರಾಮ್ ಮಾದರಿ ಅರ್ಧ ದಾಟಿದ ಮೇಲೆ ಸಡಿಲುತ್ತದೆ. ಹಿಡಿತ ಅಷ್ಟೇ ಇರುವ ಡಯಾಫ್ರಾಮ್ ಪ್ಲೇಟ್ ಫ್ಲೈವೀಲಿನ ತೂತುಗಳಿಗೆ ಕೂರುವುದಾದರೆ ಅದರಷ್ಟು ಒಳ್ಳೆಯ ಪರಿಹಾರ ಬೇರೆ ಇಲ್ಲ. ಆದರೆ ಡಯಾಫ್ರಾಮಿಗೂ ಒಂದು ಗುಣ ಇದೆ: ಕ್ಲಚ್ ಪ್ಲೇಟ್ ಸವೆದಂತೆ ಪೆಡಲ್ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಚೆನ್ನಾಗಿದ್ದು ಈಚೆಗೆ ನಿಧಾನವಾಗಿ ಬಿಗಿಯಾದ ಕ್ಲಚ್ ಎಂದರೆ ಹೆಚ್ಚಾಗಿ ಪ್ಲೇಟ್ ಮುಗಿಯಿತೆಂದೇ ಅರ್ಥ. ಇಂಥ ಗಾಡಿಗೆ ಸಿಲಿಂಡರ್ ಬದಲಿಸಿ ಪ್ರಯೋಜನವಿಲ್ಲ.

ಇದೆಲ್ಲದರ ನಡುವೆ ಕಾಗದಪತ್ರದ ಕಡೆಗೂ ಗಮನ ಬೇಕು. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುವಂಥದ್ದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಎಂಜಿನ್ ಬದಲಾದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಬೇರೆ ಜಾತಿಯ ಎಂಜಿನ್ ಕೂರಿಸುವ ಯೋಚನೆ ಇರುವವರು ಗ್ಯಾರೇಜಿಗಿಂತ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ. ಅಪಘಾತವಾದಾಗ ವಿಮೆಯವರು ಎಂಜಿನ್ ನಂಬರನ್ನೂ ನೋಡುತ್ತಾರೆ.

ಪೆಡಲ್ ಹಗುರವಾದ ಮೇಲೆ ಗಾಡಿಯನ್ನು ಕೂಡಲೇ ಚಾರ್ಮಾಡಿ ಘಾಟಿ ಹತ್ತಿಸಬಾರದು. ಸಮತಟ್ಟಿನಲ್ಲಿ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಕ್ಲಚ್ ಒತ್ತಿ ಮೂರು ಎಣಿಸುವಷ್ಟು ಕಾದು ರಿವರ್ಸ್ ಹಾಕಿ ನೋಡಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ. ಆಮೇಲೆ ಮೇಲಿನ ಗೇರಿನಲ್ಲಿ ಸಣ್ಣ ಏರೊಂದನ್ನು ಹತ್ತಿಸಿ ಆಕ್ಸಿಲರೇಟರ್ ಒತ್ತಬೇಕು. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಪೆಡಲಿನ ಬಿಡುವು ಇನ್ನೊಮ್ಮೆ ಸರಿಮಾಡಿಸಬೇಕು. ಎರಡೂ ಸರಿ ಇದ್ದು, ಕ್ಲಚ್ ಹೈಡ್ರಾಲಿಕ್ ಆಗಿದ್ದರೆ, ವಾರದ ಮೇಲೆ ಮಾಸ್ಟರ್ ಸಿಲಿಂಡರಿನ ಡಬ್ಬಿಯ ಎಣ್ಣೆಯ ಮಟ್ಟ ನೋಡಿ. ಇಳಿದಿದ್ದರೆ ಸ್ಲೇವಿನ ರಬ್ಬರ್ ಕಿಟ್ ಬದಲಿಸಿ.