ಮಾಂಟೆರ್ರೇ: ನೀರಿನ ಕಣ್ಣು ತೆರೆದ ಎಡೆಯ ನಗರ

ಮೆಕ್ಸಿಕೋ ದೇಶದ ಈಶಾನ್ಯ ಭಾಗದಲ್ಲಿ, ಪೂರ್ವ ಸಿಯೆರ್ರಾ ಮಾದ್ರೆ ಪರ್ವತಶ್ರೇಣಿಯು ಬಯಲಿಗೆ ಇಳಿಯುವ ಎಡೆಯಲ್ಲಿ, ಕುದುರೆಯ ಜೀನನ್ನು ಆಕಾಶಕ್ಕೆ ಎತ್ತಿಟ್ಟಂತೆ ತೋರುವ ಬೆಟ್ಟವೊಂದುಂಟು. ಅದರ ಹೆಸರು ಸೆರ್ರೋ ದೆ ಲಾ ಸಿಯ್ಯಾ, ಎಂದರೆ ಜೀನಿನ ಬೆಟ್ಟ. ಎತ್ತರ ಸುಮಾರು 1,820 ಮೀಟರು. ಅದರ ಅಡಿಯಲ್ಲಿ ಹಬ್ಬಿರುವ ಮಾಂಟೆರ್ರೇ ಮಹಾನಗರದಲ್ಲಿ ಇಂದು ಐವತ್ತು ಲಕ್ಷಕ್ಕೂ ಮಿಕ್ಕ ಜನ ವಾಸಿಸುತ್ತಾರೆ. ಉಕ್ಕು, ಗಾಜು, ಸಿಮೆಂಟುಗಳಿಂದ ಕೀರ್ತಿ ಗಳಿಸಿದ ಈ ಊರನ್ನು ಉದ್ಯಮನಗರಿಯೆಂದು ಪರಿಚಯಿಸುವುದು ವಾಡಿಕೆ. ಆದರೆ ಇದರ ನಾಲ್ಕು ಶತಮಾನಗಳ ಚರಿತ್ರೆಯನ್ನು ಅನುಕ್ರಮವಾಗಿ ನೋಡುತ್ತ ಬಂದವನಿಗೆ, ಆ ಕಬ್ಬಿಣದ ಕಥೆಯ ತಳದಲ್ಲಿ ನೀರಿನ ಕಥೆಯೊಂದು ಮೊದಲಿನಿಂದಲೂ ಹರಿದುಬಂದಿರುವುದು ಮನದಟ್ಟಾಗದೆ ಇರದು.

ಸ್ಪ್ಯಾನಿಷ್ ಮಾತಿನಲ್ಲಿ ಒರತೆಗೆ ‘ಓಹೋ ದೆ ಆಗ್ವಾ’, ನೀರಿನ ಕಣ್ಣು, ಎಂದು ಹೆಸರು. ಸೆಲೆಗೆ ಕಣ್ಣುಂಟೆಂದು ಹೇಳುವ ನಮಗೆ ಇದು ಪರಕೀಯವಾಗಿ ತೋರದು. ಬೇಟೆಯಿಂದಲೂ ಕಾಯಿಕಡ್ಡಿಗಳಿಂದಲೂ ಜೀವಿಸುತ್ತ ಸಂಚರಿಸುತ್ತಿದ್ದ ಮೂಲನಿವಾಸಿಗಳ ಈ ಪ್ರದೇಶಕ್ಕೆ 1577ರಲ್ಲಿ ಬಂದ ಅಲ್ಬೆರ್ತೋ ದೆಲ್ ಕಾಂತೋ ಎಂಬ ಪೋರ್ಚುಗೀಸ್ ನಾಯಕನು, ಇಲ್ಲಿಯ ಒರತೆಗಳ ಬಳಿ ನೆಲೆಯೊಂದನ್ನು ಹೂಡಿ ಅದನ್ನು ಸಾಂತಾ ಲುಸಿಯಾ ಎಂದು ಕರೆದನು. ಕ್ರೈಸ್ತರ ನಂಬಿಕೆಯಲ್ಲಿ ಕಣ್ಣುಗಳನ್ನು ಕಾಯುವ ಸಂತಳು ಅವಳೇ. ಆ ನೆಲೆ ಉಳಿಯಲಿಲ್ಲ. 1582ರಲ್ಲಿ ಲೂಯಿಸ್ ದೆ ಕಾರ್ವಾಹಾಲ್ ಎಂಬವನು ಸ್ಪೇನಿನ ದೊರೆಯ ಸನ್ನದನ್ನು ಹಿಡಿದು ಬಂದು, ಅದೇ ಸ್ಥಳದಲ್ಲಿ ಎರಡನೆಯ ಸಲ ಊರು ಕಟ್ಟಿದನು. ಅವನದು ಯೆಹೂದ್ಯ ಮತದಿಂದ ಕ್ರೈಸ್ತ ಮತಕ್ಕೆ ಬಂದಿದ್ದ ಮನೆತನ; ಮನೆಯವರು ಗುಟ್ಟಾಗಿ ಹಳೆಯ ಧರ್ಮವನ್ನೇ ಆಚರಿಸುತ್ತಿದ್ದರೆಂಬ ಆರೋಪ ಬಂದು, ಧರ್ಮವಿಚಾರಣೆಯ ನ್ಯಾಯಪೀಠವು ಅವನನ್ನೂ ದಂಡಿಸಿತು; ಅವನು ಸೆರೆಯಲ್ಲಿಯೇ ಸತ್ತನು, ಊರು ಬರಿದಾಯಿತು. ಕೊನೆಗೆ 1596ರ ಸೆಪ್ಟೆಂಬರ್ 20ರಂದು ದಿಯೇಗೋ ದೆ ಮೊಂತೆಮಾಯೋರ್ ಎಂಬವನು, ಸಾಲ್ತಿಯ್ಯೋ ಪಟ್ಟಣದಿಂದ ಹನ್ನೆರಡು ಕುಟುಂಬಗಳನ್ನು ಕರೆತಂದು, ಅಂದಿನ ರಾಜಪ್ರತಿನಿಧಿಯಾಗಿದ್ದ ಮಾಂಟೆರ್ರೇ ಪ್ರಭುವಿನ ಹೆಸರಿನಲ್ಲಿ ಮೂರನೆಯ ಸಲ ನಗರವನ್ನು ಸ್ಥಾಪಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ, ಕಾರ್ವಾಹಾಲನ, ಸ್ವಧರ್ಮವನ್ನು ಬಿಡದಿದ್ದ ಸೋದರಳಿಯನು ಮೆಕ್ಸಿಕೋ ರಾಜಧಾನಿಯಲ್ಲಿ ಅಗ್ನಿಗೆ ಆಹುತಿಯಾದನು. ಹೀಗೆ ಒಂದೇ ವರ್ಷ ಒಂದೆಡೆ ನಗರದ ಜನನವನ್ನೂ ಇನ್ನೊಂದೆಡೆ ಅದರ ಪೂರ್ವಸಂಸ್ಥಾಪಕನ ವಂಶದ ದುರಂತವನ್ನೂ ಕಂಡಿತು.

ಬೆಳ್ಳಿಯ ಗಣಿಗಳಿಲ್ಲದ ಈ ಊರು ಬಹುಕಾಲ ಬಡ ಗ್ರಾಮವಾಗಿಯೇ ಇದ್ದಿತು. ವರುಷದ ಬಹುಭಾಗ ಒಣಗಿ ಕಲ್ಲುಹಾಸಿನಂತೆ ಮಲಗಿರುವ ಸಾಂತಾ ಕತಾರಿನಾ ನದಿಯ ಕಣಿವೆಗೆ, ಸ್ಥಾಪನೆಯಾಗಿ ಇಪ್ಪತ್ತು ವರ್ಷ ತುಂಬುವುದರೊಳಗೆ ಮಹಾಪ್ರವಾಹ ನುಗ್ಗಿದುದರಿಂದ ಊರನ್ನು ಒರತೆಗಳ ದಕ್ಷಿಣ ದಂಡೆಯ ಎತ್ತರದ ನೆಲಕ್ಕೆ ಸಾಗಿಸಬೇಕಾಯಿತು. ದಕ್ಷಿಣ ಪ್ರಾಂತ್ಯಗಳಿಂದ ಕುರಿಗಳ ಭಾರಿ ಹಿಂಡುಗಳು ಚಳಿಗಾಲದ ಮೇವಿಗಾಗಿ ಇತ್ತ ಬರತೊಡಗಿದ ಮೇಲೆ ಸ್ವಲ್ಪ ಚೇತನ ಬಂದಿತು. ಎಳೆಯ ಆಡುಮರಿಯನ್ನು ಕೆಂಡದ ಮೇಲೆ ಸುಡುವ ‘ಕಬ್ರೀತೋ’ ಇಂದಿಗೂ ಈ ನಗರದ ಹೆಮ್ಮೆಯ ಅಡುಗೆಯಾಗಿರುವುದು ಆ ಪಶುಪಾಲನೆಯ ಕಾಲದ ನೆನಪು. ಆದರೆ ಇಲ್ಲಿಯ ಹೊಲಗದ್ದೆಗಳಲ್ಲಿ ದುಡಿದವರು ಬಲಾತ್ಕಾರದಿಂದ ಹಿಡಿದು ತರಲ್ಪಟ್ಟ ಮೂಲನಿವಾಸಿಗಳು. ಅವರಲ್ಲಿ ಅನೇಕರು ದೂರದ ಗಣಿಗಳಿಗೆ ಮಾರಿಹೋದರು. ಅವರ ಭಾಷೆಗಳು ಇಂದು ನುಡಿಯುವವರಿಲ್ಲದೆ ಮೌನವಾಗಿವೆ. ಈ ನಷ್ಟವನ್ನು ಹೇಳದೆ ಈ ನಗರದ ಏಳಿಗೆಯನ್ನು ಹೇಳುವುದು ನ್ಯಾಯವಾಗದು.

ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಪಶ್ಚಿಮದ ಗುಡ್ಡದ ಮೇಲೆ ಬಿಷಪ್ ವೆರ್ಹೆರ್ ಅವರು ಕಟ್ಟಿಸಿದ ‘ಒಬಿಸ್ಪಾದೋ’ ಎಂಬ ಅರಮನೆಯು, ಪ್ರಾರ್ಥನೆಗೆಂದು ಹುಟ್ಟಿ ಕೋಟೆಯಾಗಿ ಪರಿಣಮಿಸಿದ ಕಟ್ಟಡ. 1846ರ ಸೆಪ್ಟೆಂಬರಿನಲ್ಲಿ ಜನರಲ್ ಝಾಕರಿ ಟೇಲರನ ಅಮೆರಿಕನ್ ಸೇನೆಯು ಊರನ್ನು ಮುತ್ತಿದಾಗ, ಮೊದಲು ಈ ಗುಡ್ಡವೂ ಆಮೇಲೆ ಬೀದಿಬೀದಿಗಳೂ ರಣರಂಗವಾದುವು; ಬೀದಿಯಲ್ಲಿ ತಲೆಯೆತ್ತಲಾರದ ಸೈನಿಕರು ಮನೆಯಿಂದ ಮನೆಗೆ ಗೋಡೆ ಕೊರೆದುಕೊಂಡು ಮುಂದುವರಿದರು. ನಾಲ್ಕು ದಿನಗಳ ಕಾಳಗದ ತರುವಾಯ ನಗರವು ಶತ್ರುವಶವಾಯಿತು. ಆ ಯುದ್ಧವನ್ನು ಕೊನೆಗೊಳಿಸಿದ 1848ರ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ಭೂಭಾಗದ ಸುಮಾರು ಅರ್ಧವನ್ನೇ ಕಳೆದುಕೊಂಡು, ಗಡಿಯು ರಿಯೋ ಬ್ರಾವೋ ನದಿಯವರೆಗೆ ಹಿಂದಕ್ಕೆ ಸರಿದಾಗ, ಒಳನಾಡಿನ ಮೂಲೆಯಾಗಿದ್ದ ಮಾಂಟೆರ್ರೇ ಇದ್ದಕ್ಕಿದ್ದಂತೆ ಗಡಿಯ ಸಮೀಪದ ಪೇಟೆಯಾಯಿತು. ಸೋಲಿನ ಗಾಯದಲ್ಲಿಯೇ ಭಾಗ್ಯದ ಬೀಜ ಬಿದ್ದುದು ಹೀಗೆ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ತೆಂಕಣ ರಾಜ್ಯಗಳ ಬಂದರುಗಳು ದಿಗ್ಬಂಧನಕ್ಕೆ ಒಳಗಾಗಲು, ಅವುಗಳ ಹತ್ತಿಯು ಮೆಕ್ಸಿಕೋದ ದಾರಿಯಾಗಿ ಕಡಲು ಸೇರತೊಡಗಿತು. ಆ ವ್ಯಾಪಾರದಲ್ಲಿ ಇಲ್ಲಿಯ ವರ್ತಕರ ಪೆಟ್ಟಿಗೆಗಳು ತುಂಬಿದುವು.

ಆ ಬಂಡವಾಳಕ್ಕೆ 1882ರಲ್ಲಿ ಗಡಿಯಿಂದ ಬಂದ ರೈಲು ಜೊತೆಗೂಡಿತು. 1890ರಲ್ಲಿ ಕ್ವಾವ್ತೆಮೋಕ್ ಬಿಯರ್ ಕಾರ್ಖಾನೆ ಹುಟ್ಟಿತು. ಬಿಯರಿಗೆ ಬಾಟಲಿ ಬೇಕಾದುದರಿಂದ 1909ರಲ್ಲಿ ಗಾಜಿನ ಕಾರ್ಖಾನೆ ಬಂದಿತು. ಒಂದು ಉದ್ಯಮದ ಅಗತ್ಯವೇ ಇನ್ನೊಂದಕ್ಕೆ ತಾಯಾಗುತ್ತ ಹೋಯಿತು. ಇವೆಲ್ಲಕ್ಕೂ ಕಿರೀಟಪ್ರಾಯವಾದುದು 1900ರಲ್ಲಿ ಸ್ಥಾಪಿತವಾದ ‘ಫುಂದಿದೋರಾ’ ಎಂಬ ಉಕ್ಕಿನ ಕಾರ್ಖಾನೆ. 1903ರಲ್ಲಿ ಅದರ ಮೊದಲ ಊದುಕುಲುಮೆ ಉರಿದಾಗ, ಅದುರಿನಿಂದ ಉಕ್ಕಿನವರೆಗೆ ಎಲ್ಲವನ್ನೂ ಒಂದೇ ಆವರಣದಲ್ಲಿ ಮಾಡುವ ಕಾರ್ಖಾನೆ ಲ್ಯಾಟಿನ್ ಅಮೆರಿಕದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡಿತು.

ಆದರೆ ಏಳಿಗೆಯ ಆ ದಿನಗಳಲ್ಲಿಯೇ, 1909ರ ಆಗಸ್ಟ್ ಕೊನೆಯ ಒಂದು ರಾತ್ರಿ, ಒಣನದಿ ಎಂದು ಜನ ಮರೆತಿದ್ದ ಸಾಂತಾ ಕತಾರಿನಾ ಉಕ್ಕಿ ಬಂದಿತು. ನದಿಯ ದಕ್ಷಿಣ ದಂಡೆಯ ಸಾನ್ ಲೂಯಿಸೀತೋ ಎಂಬ ಕೂಲಿಕಾರರ ಕೇರಿಯಲ್ಲಿ ಸಾಲುಸಾಲು ಮನೆಗಳು ಕೊಚ್ಚಿಹೋಗಿ ಸಾವಿರಾರು ಜನ ಮಡಿದರು. ಅನಂತರ ನದಿಗೆ ಕಾಲುವೆಯ ಕಟ್ಟುಪಾಡು ಮಾಡಿ, ಪಕ್ಕದಲ್ಲಿ ಹೆದ್ದಾರಿಗಳನ್ನು ಹಾಸಿದರು. ನದಿಯು ಒಪ್ಪಲಿಲ್ಲ. 1988ರಲ್ಲಿ ಗಿಲ್ಬರ್ಟ್ ಚಂಡಮಾರುತದ ಮಳೆಗೆ ಪ್ರಯಾಣಿಕರ ಬಸ್ಸುಗಳು ಪ್ರವಾಹದಲ್ಲಿ ಮಗುಚಿದುವು. 2010ರಲ್ಲಿ ಅಲೆಕ್ಸ್ ಚಂಡಮಾರುತವು ದಂಡೆಯ ರಸ್ತೆಗಳನ್ನೇ ಕಿತ್ತೊಯ್ದಿತು.

ಈ ನಗರದ ಬಿಸಿಲನ್ನೂ ಬೆಟ್ಟವನ್ನೂ ಪ್ರಾಣದಂತೆ ಪ್ರೀತಿಸಿದವರು 1889ರಲ್ಲಿ ಇಲ್ಲಿ ಹುಟ್ಟಿದ ಮಹಾ ಪ್ರಬಂಧಕಾರ ಅಲ್ಫೊನ್ಸೋ ರೇಯೆಸ್ ಅವರು. ದಕ್ಷಿಣ ಅಮೆರಿಕದಲ್ಲಿ ತಮ್ಮ ದೇಶದ ರಾಯಭಾರಿಯಾಗಿದ್ದಾಗ, 1930ರಲ್ಲಿ ತಾವು ಹೊರಡಿಸಿದ ಸಾಹಿತ್ಯಪತ್ರಿಕೆಗೆ ಅವರು ಇಟ್ಟ ಹೆಸರು ‘ಮಾಂಟೆರ್ರೇ’. ಪರದೇಶದಲ್ಲಿರುವವನಿಗೆ ಹುಟ್ಟೂರಿನ ಹೆಸರನ್ನು ದಿನವೂ ಬರೆಯುವುದೇ ಒಂದು ಸಮಾಧಾನವಲ್ಲವೆ?

1986ರಲ್ಲಿ ಫುಂದಿದೋರಾ ದಿವಾಳಿಯಾಗಿ ಸಾವಿರಾರು ಮನೆಗಳ ಒಲೆ ತಣ್ಣಗಾಯಿತು. ಇಂದು ಆ ಆವರಣವೇ ಉದ್ಯಾನ. ಮೂರನೆಯ ಕುಲುಮೆ ಉಕ್ಕಿನ ವಸ್ತುಸಂಗ್ರಹಾಲಯ. ನಗರದ ನಡುವಿನಿಂದ ಉದ್ಯಾನದವರೆಗೆ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಕೃತಕ ಕಾಲುವೆಯೊಂದನ್ನು ತೋಡಿ, 2007ರಲ್ಲಿ ಅದಕ್ಕೆ ಸಾಂತಾ ಲುಸಿಯಾ ಎಂಬ ಹಳೆಯ ಹೆಸರನ್ನೇ ಇಟ್ಟರು. ಆ ಹೆಸರಿನ ಒರತೆಗಳ ಹರಿವನ್ನಾದರೋ ಕಟ್ಟಡಗಳೂ ಬೀದಿಗಳೂ ಎಂದೋ ಮುಚ್ಚಿದ್ದುವು.

2022ರ ಬೇಸಗೆಯಲ್ಲಿ ಸೆರ್ರೋ ಪ್ರಿಯೇತೋ ಜಲಾಶಯವು ಬಹುಮಟ್ಟಿಗೆ ಬತ್ತಿಹೋಗಿ, ನಗರದ ಕೊಳಾಯಿಗಳಲ್ಲಿ ಬೆಳಗಿನ ಕೆಲವೇ ಗಂಟೆಗಳು ನೀರು ಬರುವಂತಾಯಿತು. ಹಲವು ಬಡಾವಣೆಗಳ ಜನ ಕೊಡಪಾನ, ಬಕೀಟುಗಳನ್ನು ಹಿಡಿದು ಟ್ಯಾಂಕರುಗಳ ಮುಂದೆ ಸಾಲುಗಟ್ಟಿದರು. ಮೊಂತೆಮಾಯೋರನ ಸ್ಥಾಪನಾಪತ್ರವು ನಗರದ ನೆಲೆಯನ್ನು ಗುರುತಿಸುವುದು ಸಾಂತಾ ಲುಸಿಯಾದ ನೀರಿನ ಕಣ್ಣುಗಳಿಂದ. ಉಕ್ಕನ್ನು ಕರಗಿಸಬಲ್ಲ, ಗಾಜನ್ನು ಊದಬಲ್ಲ, ಯುದ್ಧದ ಬೂದಿಯಿಂದ ಮತ್ತೆ ಏಳಬಲ್ಲ ಈ ಧೀರ ಜನರಿಗೆ, ಕುಲುಮೆಯ ನೆನಪನ್ನು ಎಷ್ಟು ಆದರದಿಂದ ಕಾಪಾಡಿದರೋ ಅಷ್ಟೇ ಆದರದಿಂದ ಆ ಕಣ್ಣುಗಳ ನೆನಪನ್ನೂ ಕಾಪಾಡುವ ಕಾಲ ಬಂದಿದೆ.