ಪ್ರೋಗ್ರಾಮಿಂಗ್ ಸರ್ಟಿಫಿಕೇಟ್: ಫೀಸು ಕಟ್ಟುವ ಮೊದಲು ಈ ಲೆಕ್ಕ ಹಾಕಿ

ಮಲೆನಾಡಿನ ಕೋಣಂದೂರಿನಂಥ ಊರಿನಲ್ಲಿ ಮಗ ಅಥವಾ ಮಗಳು ಡಿಗ್ರಿ ಮುಗಿಸುತ್ತಿದ್ದಂತೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಆರು ತಿಂಗಳು ಪೈಥಾನ್ ಕೋರ್ಸ್ ಮಾಡಿಸಿದರೆ ಕೆಲಸ ಸಿಗುತ್ತಾ?" ಸಿಗುತ್ತದೆ ಎಂದು ಯಾರೂ ಬರೆದುಕೊಡಲಾರರು. ಆದರೆ ಹಾಕಿದ ದುಡ್ಡು ಎಷ್ಟು ತಿಂಗಳಿಗೆ ಹುಟ್ಟುತ್ತದೆ ಎಂದು ಸೇರುವ ಮೊದಲೇ ಲೆಕ್ಕ ಹಾಕಬಹುದು.

ಸರ್ಟಿಫಿಕೇಟ್ ಎಂದರೆ ಏನು?

ಪ್ರೋಗ್ರಾಮಿಂಗ್ ಎಂದರೆ ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಅದಕ್ಕೆ ತಿಳಿಯುವ ಭಾಷೆಯಲ್ಲಿ ಹಂತಹಂತವಾಗಿ ಬರೆಯುವುದು. ಸಿ, ಜಾವಾ, ಪೈಥಾನ್ ಅಂಥ ಭಾಷೆಗಳು. ಇವನ್ನು ಕಲಿತದ್ದಕ್ಕೆ ಕೊಡುವ ಪತ್ರಗಳಲ್ಲಿ ಎರಡು ಬಗೆ. ಪಾಠ ಮುಗಿಸಿದ ಮಾತ್ರಕ್ಕೆ ಸಿಗುವುದು ಒಂದು. ಮೇಲ್ವಿಚಾರಕರ ಎದುರು ಪರೀಕ್ಷೆ ಬರೆದು ಪಾಸಾದರೆ ಸಿಗುವುದು ಇನ್ನೊಂದು. ಎರಡನೆಯದಕ್ಕೆ ಬೆಲೆ ಹೆಚ್ಚು.

ಎರಡೂ ಡಿಗ್ರಿಗೆ ಸಮವಲ್ಲ. ಉದಾಹರಣೆಗೆ, ಕೆಲಸದ ಜೊತೆಗೇ ಎಂ.ಟೆಕ್ ಓದಿಸುವ ವಿಪ್ರೋದ 'ವಿಲ್ಪ್' ಯೋಜನೆ ಇರುವುದು ಬಿಸಿಎ, ಬಿಎಸ್ಸಿ ಪದವೀಧರರಿಗೆ. ಆದ್ದರಿಂದ ಡಿಗ್ರಿ ಬಿಟ್ಟು ಕೋರ್ಸ್ ಸೇರಬೇಡಿ.

ಹೇಗೆ ನಡೆಯುತ್ತದೆ?

ಕಡಿಮೆ ಖರ್ಚಿನ ದಾರಿಯೆಂದರೆ ಎನ್‌ಪಿಟಿಇಎಲ್. ಇದು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಆನ್‌ಲೈನ್ ಪಾಠ. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಜನವರಿ ಮತ್ತು ಜುಲೈನಲ್ಲಿ ಕೋರ್ಸ್‌ಗಳು ಶುರುವಾಗುತ್ತವೆ. ಸೇರಲು, ಪಾಠ ಕೇಳಲು ದುಡ್ಡಿಲ್ಲ. ಪರೀಕ್ಷೆ ಬರೆಯುವವರು ಮಾತ್ರ ಕೋರ್ಸ್‌ಗೆ ಸುಮಾರು 1,000 ರೂಪಾಯಿ ಕಟ್ಟಬೇಕು. ವಾರವಾರದ ಅಸೈನ್‌ಮೆಂಟ್, ಅಂದರೆ ಮನೆಗೆಲಸಕ್ಕೆ 25 ಅಂಕ, ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಂದರೆ ಪಾಸು.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ ಏನು ಗತಿ? 12 ವಾರದ ಕೋರ್ಸ್‌ನಲ್ಲಿ ನಿಮ್ಮ ಉತ್ತಮ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಒಂದೆರಡು ವಾರ ತಪ್ಪಿದರೂ ನಡೆಯುತ್ತದೆ. ಆದರೂ ನಮ್ಮ ಕಡೆಯವರಿಗೆ ಜನವರಿಯ ಕೋರ್ಸೇ ವಾಸಿ.

ಎಷ್ಟು ಖರ್ಚು? ಯಾವಾಗ ವಾಪಸ್?

ಈಗ ಪಟ್ಟಣದ ಖಾಸಗಿ ಕೇಂದ್ರದ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ಹಾಕಿಕೊಳ್ಳಿ.

ಫೀಸು 30,000 ರೂಪಾಯಿ ಎನ್ನಿ. ಖಾಸಗಿ ತರಬೇತಿಗೆ ಶೇ. 18 ಜಿಎಸ್‌ಟಿ ಇದೆ, ಅದು 5,400. ಕೋಣಂದೂರಿನಿಂದ ದಿನಾ ಶಿವಮೊಗ್ಗಕ್ಕೆ ಹೋಗಿಬರುವುದು ಕಷ್ಟ. ರೂಮು, ಊಟಕ್ಕೆ ತಿಂಗಳಿಗೆ 6,000 ಹಿಡಿದರೂ ಆರು ತಿಂಗಳಿಗೆ 36,000. ಅಲ್ಲಿಗೆ 71,400 ಆಯಿತು. ಊರಿನಲ್ಲಿ ತಿಂಗಳಿಗೆ 8,000 ದುಡಿಯುತ್ತಿದ್ದ ಕೆಲಸ ಬಿಟ್ಟು ಹೋದರೆ ಇನ್ನೂ 48,000 ನಷ್ಟ. ಒಟ್ಟು 1,19,400.

ಹೊಸ ಕೆಲಸದಲ್ಲಿ ಬೆಂಗಳೂರಿನ ಬಾಡಿಗೆ, ಊಟ ಕಳೆದು, ಈಗ ಉಳಿಯುವುದಕ್ಕಿಂತ ತಿಂಗಳಿಗೆ 3,000 ಹೆಚ್ಚು ಉಳಿಯಿತು ಎನ್ನಿ. ಹಾಕಿದ ದುಡ್ಡು ಹುಟ್ಟಲು ಸುಮಾರು 40 ತಿಂಗಳು ಬೇಕು. ಸಂಬಳ ಎಷ್ಟು ಎಂಬುದಕ್ಕಿಂತ ಕೈಯಲ್ಲಿ ಎಷ್ಟು ಹೆಚ್ಚು ಉಳಿಯುತ್ತದೆ ಎಂಬುದೇ ಇಲ್ಲಿ ಮುಖ್ಯ.

ಎರಡು ಎಚ್ಚರಿಕೆ. 'ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್' ಎಂದರೆ ಸಂದರ್ಶನಕ್ಕೆ ಕಳಿಸುತ್ತೇವೆ ಎಂದಷ್ಟೇ, ಕೆಲಸ ಕೊಡಿಸುತ್ತೇವೆ ಎಂದಲ್ಲ. 'ಇಎಂಐ ಮಾಡಿ' ಎಂದರೆ ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ಸಾಲ. ಕೋರ್ಸ್ ಅರ್ಧಕ್ಕೆ ಬಿಟ್ಟರೂ ಕಂತು ತಾನಾಗಿ ನಿಲ್ಲುವುದಿಲ್ಲ. ದುಡ್ಡು ವಾಪಸಾತಿಯ ನಿಯಮವನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಎಲ್ಲಿ ಕಲಿಯಬಹುದು?

ಇಂಗ್ಲಿಷ್ ಕಷ್ಟವಾದವರು ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ನೋಡಿ. ಅಲ್ಲಿನ ಪುಟ್ಟ ವಿಡಿಯೊ ಪಾಠಗಳಲ್ಲಿ ಅನೇಕವು ಕನ್ನಡದಲ್ಲೂ ಇವೆ, ಉಚಿತ. ಆಮೇಲೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ರೋಪರ್‌ನ ಸುದರ್ಶನ್ ಅಯ್ಯಂಗಾರ್ ಅವರ 'ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್' ಹೊಸಬರಿಗೆ ಒಳ್ಳೆಯದು. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಲ್ಲೂ ಉಚಿತ ಕೋರ್ಸ್‌ಗಳಿವೆ. ಸ್ವಂತ ಕಂಪ್ಯೂಟರ್ ಇಲ್ಲದವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ ವಿಚಾರಿಸಿ. ಸರ್ಕಾರಿ ಹುದ್ದೆಗಾಗಿ ಕಲಿಯುವವರು ಯಾವ ಸಂಸ್ಥೆಯ ಸರ್ಟಿಫಿಕೇಟ್ ಬೇಕು ಎಂದು ಅಧಿಸೂಚನೆಯಲ್ಲಿ ನೋಡಿಯೇ ಮುಂದುವರಿಯಿರಿ.

ಪತ್ರದ ಜೊತೆಗೆ ತೋರಿಸಲು ಸ್ವಂತ ಕೆಲಸವೂ ಇರಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ತೂಕ, ಧಾರಣೆ ಬರೆದಿಟ್ಟು ವರ್ಷದ ಆದಾಯ ತೋರಿಸುವ ಸಣ್ಣ ಪ್ರೋಗ್ರಾಮ್ ಸಾಕು. ಅದನ್ನು ಗಿಟ್‌ಹಬ್‌ನಲ್ಲಿ, ಅಂದರೆ ಕೋಡ್ ಇಟ್ಟು ಹಂಚಿಕೊಳ್ಳುವ ತಾಣದಲ್ಲಿ ಹಾಕಿ. ಚಾಟ್‌ಜಿಪಿಟಿಯ ಸಹಾಯ ಪಡೆದರೂ ಪ್ರತಿ ಸಾಲು ಏಕಿದೆ ಎಂದು ವಿವರಿಸಲು ಬರಬೇಕು. ಸಂದರ್ಶನದಲ್ಲಿ ಕೇಳುವುದು ಅದನ್ನೇ.

ಮೊದಲು ಉಚಿತವಾಗಿ ಎರಡು ತಿಂಗಳು ಕಲಿಯಿರಿ. ಆಸಕ್ತಿ ಉಳಿದರೆ ಸಾವಿರ ಕಟ್ಟಿ ಪರೀಕ್ಷೆ ಬರೆಯಿರಿ. ಅದರಲ್ಲಿ ಪಾಸಾದ ಮೇಲಷ್ಟೇ ದೊಡ್ಡ ಫೀಸಿನ ಯೋಚನೆ ಮಾಡಿ. ಆ ಹೊತ್ತಿಗೆ ಅನೇಕರಿಗೆ ಅದರ ಅಗತ್ಯವೇ ಇರುವುದಿಲ್ಲ.